ಅರ್ಧ ತುಂಬಿದ ನೆಂಟಸ್ತನ: ಶೋನಾ ಜನರ ಊಟದ ಕಥೆ

ಈ ಸಲದ ಸಂಚಿಕೆಯ ವಿಷಯ ‘ಊಟ’ ಅಂತ ಸಂಘದ ಮೀಟಿಂಗ್‌ನಲ್ಲಿ ತೀರ್ಮಾನ ಆದಾಗ ನಾವು ಮೂವರು ಸ್ವಲ್ಪ ಪೇಚಿಗೆ ಸಿಕ್ಕಿಕೊಂಡ್ವಿ. ಹೋಳಿಗೆ, ಜೋಳದ ರೊಟ್ಟಿ, ನೀರುದೋಸೆ ಎಲ್ಲವನ್ನೂ ನಮಗಿಂತ ಮೊದಲೇ ಬೇರೆಯವರು ತಗೊಂಡಿದ್ರು. ನಮಗೆ ಉಳಿದಿದ್ದು ಏನೂ ಇರಲಿಲ್ಲ.

ಆ ಭಾನುವಾರ ರಾತ್ರಿ ಮೆಸ್‌ಗೆ ರಜಾ. ಮ್ಯಾಗಿ ಮಾಡ್ಕೊಳ್ಳೋಣ ಅಂತ ನಮ್ಮ ಹಾಸ್ಟೆಲ್ ಫ್ಲೋರ್‌ನ ಪ್ಯಾಂಟ್ರಿಗೆ ಹೋದ್ರೆ ಅಲ್ಲಿ ಸಿವಿಲ್ ಬ್ರ್ಯಾಂಚಿನ ಫೈನಲ್ ಇಯರ್ ಅಕ್ಕ ಒಬ್ಬರು ನಿಂತಿದ್ರು. ಅವರು ಜಿಂಬಾಬ್ವೆಯವರು. ಒಲೆ ಮೇಲೆ ಪಾತ್ರೆ, ಪಕ್ಕದಲ್ಲಿ ನಮ್ಮೂರ ಅಂಗಡಿಯ ರಾಗಿಹಿಟ್ಟಿನ ಪ್ಯಾಕೆಟ್, ಕೈಯಲ್ಲಿ ಮರದ ಸೌಟು. ಪಾತ್ರೆಯೊಳಗೆ ಇಣುಕಿ ನೋಡಿ, “ಅಕ್ಕ, ಇದು ಮುದ್ದೆ ಅಲ್ವಾ?” ಅಂತ ಕೇಳಿದ್ವಿ. ಅವರು ನಕ್ಕು, “ನಿಮಗೆ ಮುದ್ದೆ, ನಮಗೆ ಸಾಡ್ಜಾ” ಅಂದ್ರು.

ಈ ಲೇಖನ ಹುಟ್ಟಿದ್ದು ಅಲ್ಲಿಂದ. ಇನ್ನೊಂದು ವಿಷಯವನ್ನೂ ಮೊದಲೇ ಒಪ್ಪಿಕೊಂಡುಬಿಡ್ತೀವಿ. ಆ ಅಕ್ಕ ಮತ್ತು ನಾವು ಎರಡು ವರ್ಷದಿಂದ ಒಂದೇ ಫ್ಲೋರ್‌ನಲ್ಲಿದ್ದೀವಿ. ಮೆಸ್‌ನಲ್ಲಿ ಪಕ್ಕದ ಟೇಬಲ್. ಆದ್ರೂ ‘ಹಾಯ್’ ಬಿಟ್ಟು ಬೇರೆ ಮಾತೇ ಆಡಿರಲಿಲ್ಲ. ಆ ರಾತ್ರಿ ನಾವು ಕೇಳಿದ ಎರಡನೇ ಪ್ರಶ್ನೆ ಏನು ಗೊತ್ತಾ? “ನೀವು ಹುಳ ತಿಂತೀರಂತೆ, ಹೌದಾ?” ಅಂತ. ಅಕ್ಕ ಬೇಜಾರು ಮಾಡ್ಕೊಳ್ಳಲಿಲ್ಲ. ಆದರೆ ಉತ್ತರ ಹೇಳೋ ಬದಲು, “ಮೊದಲು ಕೂತ್ಕೊಂಡು ಊಟ ಮಾಡಿ, ಆಮೇಲೆ ಹೇಳ್ತೀನಿ” ಅಂದ್ರು. ಯಾಕೆ ಹಾಗಂದ್ರು ಅಂತ ಅರ್ಥ ಆಗೋಕೆ ನಮಗೆ ಮೂರು ಭಾನುವಾರ ಬೇಕಾಯ್ತು.

ಶೋನಾ ಅಂದ್ರೆ ಯಾರು?

ಜಿಂಬಾಬ್ವೆ ಆಫ್ರಿಕಾದ ದಕ್ಷಿಣ ಭಾಗದಲ್ಲಿರೋ, ಸಮುದ್ರ ತೀರ ಇಲ್ಲದ ದೇಶ. ವಿಸ್ತೀರ್ಣದಲ್ಲಿ ಕರ್ನಾಟಕದ ಎರಡರಷ್ಟಿದೆ, ಆದರೆ 2022ರ ಜನಗಣತಿ ಪ್ರಕಾರ ಜನ ಸುಮಾರು ಒಂದೂವರೆ ಕೋಟಿ ಮಾತ್ರ. 1980ರ ಏಪ್ರಿಲ್ 18ರಂದು ಸ್ವತಂತ್ರ ಆಯ್ತು. ಅಲ್ಲಿನ ಬಹುಸಂಖ್ಯಾತರು ಶೋನಾ ಭಾಷೆ ಆಡೋರು. ಪಕ್ಕದ ಮೊಜಾಂಬಿಕ್‌ನಲ್ಲೂ ಇದ್ದಾರೆ. ನಮ್ಮಲ್ಲಿ ಮಂಗಳೂರು, ಧಾರವಾಡ, ಕಲಬುರಗಿ ಕನ್ನಡ ಬೇರೆ ಬೇರೆ ಇರೋ ಹಾಗೆ ಅಲ್ಲಿ ಕರಂಗ, ಜೆಜುರು, ಮನ್ಯಿಕ, ಕೊರೆಕೊರೆ ಅಂತ ಒಳನುಡಿಗಳಿವೆ. ಅಲ್ಲಿನ 2013ರ ಸಂವಿಧಾನ ಒಟ್ಟು 16 ಭಾಷೆಗಳನ್ನ ಅಧಿಕೃತ ಅಂತ ಒಪ್ಪಿಕೊಂಡಿದೆ. ಕನ್ನಡ ಸಂಘದವರಾಗಿ ನಾವು ಇದನ್ನ ಕೇಳಿ ಸ್ವಲ್ಪ ಹೊತ್ತು ಸುಮ್ಮನಾದ್ವಿ!

ನಮ್ಮ ಅಕ್ಕನ ಊರು ಮಾಸ್ವಿಂಗೊ ಕಡೆ. ಅದರ ಹತ್ತಿರಾನೇ ‘ಗ್ರೇಟ್ ಜಿಂಬಾಬ್ವೆ’ ಇರೋದು: 11ರಿಂದ 15ನೇ ಶತಮಾನದ ನಡುವೆ, ಗಾರೆ ಹಾಕದೆ ಕಲ್ಲಿನ ಮೇಲೆ ಕಲ್ಲಿಟ್ಟು ಕಟ್ಟಿದ ನಗರ. ದೇಶದ ಹೆಸರು ಬಂದಿದ್ದೇ ಅದರಿಂದ. ‘ಕಲ್ಲಿನ ಮನೆಗಳು’ ಅನ್ನೋ ಅರ್ಥದ ಶೋನಾ ಮಾತು ಅದು. ತಾನು ಸಿವಿಲ್ ತಗೊಳ್ಳೋಕೆ ಆ ಗೋಡೆಗಳೇ ಕಾರಣ ಅಂತ ಅಕ್ಕ ಹೇಳ್ತಾರೆ.

ಸಾಡ್ಜಾ: ಎರಡು ಹಂತದ ಅಡುಗೆ

ಶೋನಾ ಊಟದ ನಡುವೆ ಇರೋದು ಸಾಡ್ಜಾ. ಹಿಟ್ಟು ಮತ್ತು ನೀರು, ಅಷ್ಟೇ. ಉಪ್ಪೂ ಹಾಕಲ್ಲ. ಈಗ ಹೆಚ್ಚಾಗಿ ಬಿಳಿ ಮೆಕ್ಕೆಜೋಳದ ಹಿಟ್ಟಿನಲ್ಲಿ ಮಾಡ್ತಾರೆ. ಹಿಂದೆ ರಾಗಿ, ಜೋಳ, ಸಜ್ಜೆಯಲ್ಲಿ ಮಾಡ್ತಿದ್ರು; ಈಗಲೂ ಮಾಡೋರಿದ್ದಾರೆ. ಶೋನಾದಲ್ಲಿ ರಾಗಿಗೆ ‘ಜ್ವಿಯೊ’, ಜೋಳಕ್ಕೆ ‘ಮಪ್ಫುಂಡೆ’, ಸಜ್ಜೆಗೆ ‘ಮ್ಹುಂಗಾ’ ಅಂತ ಹೆಸರು.

ಮಾಡೋ ವಿಧಾನ ಹೀಗಿದೆ. ಮೊದಲು ಸ್ವಲ್ಪ ಹಿಟ್ಟನ್ನ ತಣ್ಣೀರಲ್ಲಿ ಕದಡಬೇಕು. ಅದಕ್ಕೆ ಕುದಿಯೋ ನೀರು ಸುರಿದು ತಿರುಗಿಸ್ತಾ ಗಂಜಿ ಮಾಡಬೇಕು. ಮುಚ್ಚಳ ಹಾಕಿ ಹತ್ತು ಹದಿನೈದು ನಿಮಿಷ ಬಿಡಬೇಕು. ಆಗ ಅದು ‘ಪ್ಲಪ್ ಪ್ಲಪ್’ ಅಂತ ಕುದೀತಾ ಹಾರುತ್ತೆ, ಕೈ ಮೇಲೆ ಬಿದ್ರೆ ಗುಳ್ಳೆ ಗ್ಯಾರಂಟಿ (ನಮ್ಮಲ್ಲೊಬ್ಬಳಿಗೆ ಅನುಭವ ಆಯ್ತು). ಆಮೇಲೆ ಒಣಹಿಟ್ಟನ್ನ ಸ್ವಲ್ಪ ಸ್ವಲ್ಪವೇ ಹಾಕ್ತಾ ‘ಮುಗೋಟಿ’ ಅನ್ನೋ ಚಪ್ಪಟೆ ಮರದ ಕೋಲಿನಿಂದ ತೊಳಸಬೇಕು. ಪಾತ್ರೆಯ ಗೋಡೆಗೆ ಒತ್ತಿ ಒತ್ತಿ ತಿರುಗಿಸಬೇಕು. ಸಣ್ಣ ಉರಿಯಲ್ಲಿ ಇನ್ನೂ ಸ್ವಲ್ಪ ಹೊತ್ತು ಬೇಯಿಸಿ ಇಳಿಸಿದ್ರೆ ಸಾಡ್ಜಾ ರೆಡಿ.

ತಣ್ಣೀರಲ್ಲೇ ಮೊದಲು ಯಾಕೆ ಕದಡಬೇಕು? ಪಿಷ್ಟದ ಕಣಗಳು ಸುಮಾರು 60–70 ಡಿಗ್ರಿ ಸೆಲ್ಸಿಯಸ್ ದಾಟಿದಾಗ ನೀರು ಕುಡಿದು ಉಬ್ಬಿ ಅಂಟಾಗ್ತವೆ. ಒಣಹಿಟ್ಟನ್ನ ನೇರವಾಗಿ ಕುದಿಯೋ ನೀರಿಗೆ ಸುರಿದ್ರೆ ಉಂಡೆಯ ಹೊರಪದರ ತಕ್ಷಣ ಅಂಟಾಗಿ ಒಳಗಿನ ಹಿಟ್ಟಿಗೆ ನೀರೇ ಹೋಗಲ್ಲ. ಅದೇ ಗಂಟು. ಮೊದಲೇ ಕದಡಿದ್ರೆ ಪ್ರತಿ ಕಣದ ಸುತ್ತಲೂ ನೀರಿರುತ್ತೆ. ನಮ್ಮ ಅಜ್ಜಿ ಮುದ್ದೆಗೆ ಎಸರಿಡುವಾಗ ಒಂದು ಹಿಡಿ ಹಿಟ್ಟನ್ನ ನೀರಲ್ಲಿ ಕದಡಿ ಹಾಕೋದೂ ಇದಕ್ಕೇ. ಯಾರೂ ಯಾರಿಗೂ ಹೇಳಿಕೊಡದೆ ಎರಡು ಕಡೆ ಒಂದೇ ಪರಿಹಾರ ಸಿಕ್ಕಿದೆ.

ಸಾಡ್ಜಾ ತಿನ್ನದೆ ಬೇರೆ ಏನು ತಿಂದ್ರೂ ‘ಊಟ ಮಾಡ್ದೆ’ ಅಂತ ಅಲ್ಲಿ ಹೇಳಲ್ಲವಂತೆ. ಬ್ರೆಡ್ ತಿಂದ್ರೆ ಅದು ಬ್ರೆಡ್ ತಿಂದ ಹಾಗೆ, ಊಟ ಮಾಡಿದ ಹಾಗಲ್ಲ. ಬಯಲುಸೀಮೆಯ ಹಿರಿಯರು ಕೂಡ ಹೀಗೇ ಹೇಳ್ತಾರಲ್ವಾ?

ಜೊತೆಗೆ ಏನು?

ಸಾಡ್ಜಾ ಜೊತೆಗೆ ಅದ್ದಿ ತಿನ್ನೋ ಎಲ್ಲದಕ್ಕೂ ‘ಉಸಾವಿ’ ಅಂತಾರೆ. ದಿನನಿತ್ಯದ ಉಸಾವಿ ಅಂದ್ರೆ ಸೊಪ್ಪು, ಅಂದ್ರೆ ‘ಮುರಿವೊ’. ಸಿಹಿಗುಂಬಳದ ಎಳೆ ಎಲೆಗೆ ‘ಮುಬೂರ’ ಅಂತ ಹೆಸರು. ಎಲೆಯ ನಾರು ತೆಗೆದು, ಟೊಮ್ಯಾಟೊ ಹಾಕಿ ಬೇಯಿಸಿ, ಕೊನೆಗೆ ‘ಡೋವಿ’ ಬೆರೆಸ್ತಾರೆ. ಡೋವಿ ಅಂದ್ರೆ ಹುರಿದ ಕಡಲೆಕಾಯಿಯನ್ನ ಎಣ್ಣೆ ಬಿಡೋ ತನಕ ಅರೆದ ಪೇಸ್ಟ್. ನಾವು ಕಾಯಿ ರುಬ್ಬಿ ಹಾಕೋ ಕಡೆಯೆಲ್ಲ ಅವರು ಡೋವಿ ಹಾಕ್ತಾರೆ ಅಂದ್ರೆ ಸುಲಭವಾಗಿ ಅರ್ಥ ಆಗುತ್ತೆ: ಸೊಪ್ಪಿಗೆ, ಕೋಳಿಗೆ, ಅನ್ನಕ್ಕೆ, ಬೆಳಗಿನ ಗಂಜಿಗೂ ಕೂಡ. ಸಿಹಿಗುಂಬಳ ಬೇಯಿಸಿ ಮಸೆದು ಡೋವಿ ಸೇರಿಸಿದ್ರೆ ಅದು ‘ನ್ಹೋಪಿ’. ಬೆಂಡೆಕಾಯಿಯದು ‘ಡೆರೆರೆ’. ಅದಕ್ಕೆ ಸೋಡಾ ಹಾಕಿ ಬೇಕಂತಲೇ ಲೋಳೆ ಜಾಸ್ತಿ ಮಾಡ್ತಾರೆ. ಲೋಳೆ ಹೋಗಲಿ ಅಂತ ನಾವು ಬೆಂಡೆಕಾಯಿ ಹುರಿಯೋದನ್ನ ನೋಡಿ ಅಕ್ಕನಿಗೆ ಅಯ್ಯೋ ಅನ್ಸುತ್ತಂತೆ.

ಅಲ್ಲಿ ಮಳೆ ಬರೋದು ನವೆಂಬರ್‌ನಿಂದ ಮಾರ್ಚ್ ತನಕ. ಉಳಿದ ತಿಂಗಳು ಒಣ. ಹಾಗಾಗಿ ಸೊಪ್ಪನ್ನ ಬೇಯಿಸಿ ಬಿಸಿಲಲ್ಲಿ ಒಣಗಿಸಿ ಇಡ್ತಾರೆ, ಅದಕ್ಕೆ ‘ಮುಫುಶ್ವ’ ಅಂತಾರೆ. ಮೆಕ್ಕೆಜೋಳ, ಕಡಲೆಕಾಯಿ, ಅಲಸಂದೆ, ‘ನ್ಯಿಮೊ’ ಅನ್ನೋ ಒಂದು ಆಫ್ರಿಕನ್ ಕಾಳು (ಇದೂ ಕಡಲೆಕಾಯಿ ಥರ ಮಣ್ಣಿನೊಳಗೇ ಬಿಡುತ್ತೆ) ಎಲ್ಲ ಸೇರಿಸಿ ಬೇಯಿಸಿದ್ರೆ ‘ಮುಟಕುರ’. ಹುಳಿ ಬಂದ ಗಟ್ಟಿ ಹಾಲಿನ ಜೊತೆಗೂ ಸಾಡ್ಜಾ ತಿಂತಾರೆ. ಕರೀಬಾ ಜಲಾಶಯದಲ್ಲಿ ಹಿಡಿದು ಒಣಗಿಸಿದ ಸಣ್ಣ ಮೀನು ‘ಮಟೆಂಬ’ ದೇಶದ ಎಲ್ಲ ಕಡೆ ಸಿಗುತ್ತೆ.

ಸರಿ, ಈಗ ನಮ್ಮ ‘ಹುಳದ ಪ್ರಶ್ನೆ’. ಹೌದು, ಮೊಪಾನೆ ಮರದ ಎಲೆ ತಿನ್ನೋ ಕಂಬಳಿಹುಳದಂಥ ‘ಮಡೋರ’ವನ್ನ ಶುಚಿ ಮಾಡಿ, ಬೇಯಿಸಿ, ಒಣಗಿಸಿ ತಿಂತಾರೆ. ಪ್ರೋಟೀನ್ ತುಂಬಾ ಇದೆ, ಬೇಸಿಗೆಗೂ ಕೆಡಲ್ಲ, ಮಾರಿದ್ರೆ ದುಡ್ಡೂ ಬರುತ್ತೆ. ಮೊದಲ ಮಳೆ ಬಿದ್ದಾಗ ಹುತ್ತದಿಂದ ರೆಕ್ಕೆ ಕಟ್ಟಿಕೊಂಡು ಏಳೋ ಗೆದ್ದಲನ್ನೂ ಹಿಡಿದು ಹುರೀತಾರೆ, ಅದು ‘ಇಶ್ವ’. ಇದನ್ನ ಹೇಳ್ತಿದ್ದ ಹಾಗೆ ನಮ್ಮಲ್ಲಿ ತುಮಕೂರಿನವಳು ಮೆಲ್ಲಗೆ, “ನಮ್ಮ ತಾತ ಈಸಲು ಹುರಿದು ತಿಂತಿದ್ರು” ಅಂದಳು. ಅದೇ ಹುಳ, ಅದೇ ಮೊದಲ ಮಳೆ, ಅದೇ ಬಾಣಲೆ. ನಮ್ಮ ಮನೆಯಲ್ಲೇ ಇದ್ದದ್ದನ್ನ ಬೇರೆಯವರ ಹತ್ತಿರ ವಿಚಿತ್ರ ಅಂತ ಕೇಳಿದ್ವಿ.

ಕೈ ತೊಳೆಯೋದೇ ಒಂದು ಪಾಠ

ಶೋನಾ ಹಳ್ಳಿಮನೆಯಲ್ಲಿ ಅಡುಗೆಮನೆ ಬೇರೆಯೇ ಕಟ್ಟಡ. ದುಂಡಗಿನ ಗೋಡೆ, ಹುಲ್ಲಿನ ಚಾವಣಿ, ಮಧ್ಯದಲ್ಲಿ ಮೂರು ಕಲ್ಲಿನ ಒಲೆ. ಒಳಗೆ ಹೋದ್ರೆ ಬಲಗಡೆ ಗೋಡೆಗೆ ಸೇರಿಸಿ ಕಟ್ಟಿರೋ ಕಟ್ಟೆ ಮೇಲೆ ಗಂಡಸರು, ಎಡಗಡೆ ಚಾಪೆ ಮೇಲೆ ಹೆಂಗಸರು ಕೂರ್ತಾರೆ. ಈ ಮನೆಗೆ ಯಜಮಾನಿ ತಾಯಿ.

ಊಟಕ್ಕೆ ಮೊದಲು ಮನೆಯ ಹುಡುಗಿಯೋ ಸೊಸೆಯೋ ಬೋಗುಣಿ ಮತ್ತು ಚೊಂಬಿನ ನೀರು ಹಿಡಿದು ಬರ್ತಾಳೆ. ಮೊಣಕಾಲೂರಿ ಒಬ್ಬೊಬ್ಬರ ಕೈಗೂ ನೀರು ಹಾಕ್ತಾಳೆ. ಇಲ್ಲೇ ಕಷ್ಟ ಇರೋದು. ಶುರು ಮಾಡಬೇಕಾಗಿರೋದು ಅತಿಥಿ ಅಥವಾ ಎಲ್ಲರಿಗಿಂತ ದೊಡ್ಡವರಿಂದ. ಆದರೆ ದೊಡ್ಡವರು ಅಂದ್ರೆ ವಯಸ್ಸಿನಲ್ಲಿ ಮಾತ್ರ ಅಲ್ಲ, ಸಂಬಂಧದಲ್ಲಿ. ಅಪ್ಪನ ಅಣ್ಣ ಮೊದಲೋ, ಅಜ್ಜಿಯ ತಮ್ಮ ಮೊದಲೋ? ಅಪ್ಪನ ಅಕ್ಕತಂಗಿಗೆ ‘ಟೆಟೆ’ ಅಂತಾರೆ. ನಮ್ಮ ಸೋದರತ್ತೆ ಥರಾನೇ, ಮದುವೆ ಮಾತುಕತೆಯಿಂದ ಹಿಡಿದು ಜಗಳ ಬಿಡಿಸೋ ತನಕ ಅವರ ಮಾತಿಗೆ ತೂಕ ಜಾಸ್ತಿ. ಅವರನ್ನ ಮರೆತ್ರೆ ಮುಗೀತು. ಜಿಂಬಾಬ್ವೆಯ ಲೇಖಕಿ ಸಿಸಿ ಡಂಗರೆಂಬ್ಗಾ 1988ರಲ್ಲಿ ಬರೆದ ‘ನರ್ವಸ್ ಕಂಡಿಷನ್ಸ್’ ಕಾದಂಬರಿಯಲ್ಲಿ ಒಬ್ಬ ಹುಡುಗಿ ನೆಂಟರ ಗುಂಪಿಗೆ ಹೀಗೆ ಕೈ ತೊಳೆಯೋ ನೀರು ಹಿಡಿಯೋ ದೃಶ್ಯ ಇದೆ. ಚಿಕ್ಕ ಹುಡುಗಿಗೆ ಇದು ಒಂಥರಾ ವೈವಾ ಪರೀಕ್ಷೆ. ಯಾರು ಯಾರಿಗೆ ಏನಾಗಬೇಕು ಅನ್ನೋದನ್ನ ಅವಳು ಬೋಗುಣಿ ಹಿಡಿದುಕೊಂಡೇ ಕಲೀತಾಳೆ.

ತಿನ್ನೋದು ಬಲಗೈಯಲ್ಲಿ. ಒಂದು ತುತ್ತು ಕಿತ್ತು, ಅಂಗೈಯಲ್ಲಿ ಉಂಡೆ ಮಾಡಿ, ಉಸಾವಿಯಲ್ಲಿ ಅದ್ದಿ ಬಾಯಿಗೆ. ಮಕ್ಕಳು ಒಂದೇ ತಟ್ಟೆಯ ಸುತ್ತ ಕೂರ್ತಾರೆ. ಮಾಂಸ ಇದ್ರೆ ದೊಡ್ಡವರು ತಗೊಂಡ ಮೇಲೇ ಚಿಕ್ಕವರು ಕೈ ಹಾಕಬೇಕು. ಅತಿಥಿ ಬಂದ್ರೆ ಕೋಳಿ. ಕೋಳಿಯ ಹೊಟ್ಟೆಯಲ್ಲಿ ಕಾಳು ಅರೆಯೋ ಗಟ್ಟಿ ಭಾಗ ಇರುತ್ತಲ್ಲ, ಅದು ಮನೆ ಯಜಮಾನನಿಗೇ ಮೀಸಲು. ಮಕ್ಕಳು ಅದನ್ನ ಕದ್ದು ತಿಂದು ಏಟು ತಿಂದ ಕಥೆಗಳು ಬೇಕಾದಷ್ಟಿವೆಯಂತೆ.

ತಟ್ಟೆ ತಗೊಳ್ಳೋಕೆ ಮುಂಚೆ ಮೆಲ್ಲಗೆ ಚಪ್ಪಾಳೆ ತಟ್ಟಬೇಕು. ಗಂಡಸರು ಅಂಗೈ ನೇರ ಇಟ್ಟು, ಹೆಂಗಸರು ಕೈ ಬೊಗಸೆ ಮಾಡಿ ಅಡ್ಡಡ್ಡ ಇಟ್ಟು ತಟ್ತಾರೆ. ಎರಡರ ಸದ್ದೂ ಬೇರೆ. ನಾವು ಪ್ಯಾಂಟ್ರಿಯಲ್ಲಿ ಪ್ರ್ಯಾಕ್ಟೀಸ್ ಮಾಡಿದ್ವಿ, ಮೂವರಲ್ಲಿ ಒಬ್ಬಳಿಗೆ ಮಾತ್ರ ಸರಿಯಾಗಿ ಬಂತು.

ನಿನ್ನ ಹೆಸರಲ್ಲ, ನಿನ್ನ ಕುಲಕ್ಕೆ ಥ್ಯಾಂಕ್ಸ್

ಊಟ ಆದ ಮೇಲೆ ಹೇಳೋ ಕೃತಜ್ಞತೆ ನಮಗೆ ತುಂಬಾ ಇಷ್ಟ ಆಯ್ತು. ಬರೀ ‘ಥ್ಯಾಂಕ್ಸ್’ ಅಲ್ಲ; ಬಡಿಸಿದವರ ಕುಲಚಿಹ್ನೆಯ ಹೆಸರು ಹಿಡಿದು ಹೇಳ್ತಾರೆ. ಈ ಕುಲಚಿಹ್ನೆಗೆ ‘ಮುಟುಪೊ’ ಅಂತಾರೆ. ಶುಂಬ ಅಂದ್ರೆ ಸಿಂಹ, ಸೋಕೊ ಅಂದ್ರೆ ಕೋತಿ, ನ್ಜೋವು ಅಂದ್ರೆ ಆನೆ, ಮೋಯೊ ಅಂದ್ರೆ ಹೃದಯ. “ಮೈತ ಶುಂಬ” ಅಂದ್ರೆ ‘ಸಿಂಹ ಕುಲದವರೇ, ಒಳ್ಳೇದು ಮಾಡಿದ್ರಿ’ ಅಂತ. ಅನ್ನ ಹಾಕಿದ ಒಬ್ಬರಿಗಲ್ಲ, ಅವರ ಹಿಂದಿನ ಅಷ್ಟೂ ತಲೆಮಾರಿಗೆ ವಂದನೆ.

ಮುಟುಪೊ ತಂದೆಯ ಕಡೆಯಿಂದ ಬರುತ್ತೆ. ಒಂದೇ ಮುಟುಪೊದವರು ಮದುವೆ ಆಗೋ ಹಾಗಿಲ್ಲ, ನಮ್ಮ ಬೆಡಗು, ಗೋತ್ರಗಳ ಹಾಗೆ. ಮತ್ತೆ ತಮ್ಮ ಕುಲದ ಪ್ರಾಣಿಯನ್ನ ತಿನ್ನೋ ಹಾಗಿಲ್ಲ. ತಿಂದ್ರೆ ಹಲ್ಲು ಉದುರುತ್ತೆ ಅಂತ ಮಕ್ಕಳಿಗೆ ಹೆದರಿಸ್ತಾರೆ. ನಮ್ಮ ಅಕ್ಕ ಮೋಯೊ ಕುಲದವರು, ಹಾಗಾಗಿ ಯಾವ ಪ್ರಾಣಿಯ ಹೃದಯವನ್ನೂ ತಿನ್ನಲ್ಲ. ಒಂದೇ ಕಡಾಯಿಯಲ್ಲಿ ಬೆಂದ ಮಾಂಸದಲ್ಲೂ ಯಾರ ತಟ್ಟೆಗೆ ಯಾವ ತುಂಡು ಹೋಗಬಾರದು ಅಂತ ಬಡಿಸೋರಿಗೆ ಗೊತ್ತಿರಬೇಕು. ಅಂದ್ರೆ ಬಡಿಸೋರಿಗೆ ಎದುರು ಕೂತವರು ಯಾರು ಅನ್ನೋದು ಗೊತ್ತಿರಲೇಬೇಕು.

ಸತ್ತವರಿಗೂ ಒಂದು ಪಾಲು

ಅಡುಗೆಮನೆಯ ಬಾಗಿಲಿಗೆ ಎದುರಾಗಿ ಹಿಂದಿನ ಗೋಡೆಗೆ ‘ಚಿಕುವ’ ಅನ್ನೋ ಮಣ್ಣಿನ ಜಗಲಿ ಇರುತ್ತೆ. ಮೇಲೆ ಸಾಲಾಗಿ ಮಡಕೆಗಳು. ನೋಡೋಕೆ ಪಾತ್ರೆ ಇಡೋ ಶೆಲ್ಫ್. ಆದರೆ ಅದು ಹಿರಿಯರ, ಅಂದ್ರೆ ‘ವಡ್ಜಿಮು’ಗಳ ಜಾಗ. ಅವರ ಹತ್ತಿರ ಮಾತಾಡೋದು ಅಲ್ಲೇ. ಮನೆಯಲ್ಲಿ ಯಾರಾದ್ರೂ ತೀರಿಕೊಂಡ್ರೆ ಮಣ್ಣು ಮಾಡೋಕೆ ಮುಂಚೆ ದೇಹವನ್ನ ಮಲಗಿಸೋದೂ ಅಡುಗೆಮನೆಯಲ್ಲೇ, ಚಿಕುವದ ಹತ್ತಿರ. ಅಡುಗೆಮನೆ ಅಂದ್ರೆ ದೇವರಮನೆ ಮತ್ತು ನಡುಮನೆ ಎರಡೂ.

ಹಿರಿಯರಿಗೆ ಸಲ್ಲಿಸೋದು ಮನೆಯಲ್ಲೇ ಮಾಡಿದ ಬಿಯರ್, ‘ಡೋರೊ’. ಮೊಳಕೆ ಬರಿಸಿ ಒಣಗಿಸಿ ಬೀಸಿದ ರಾಗಿಯೇ ಇದಕ್ಕೆ ಮುಖ್ಯ. ಮೊಳಕೆ ಬರುವಾಗ ಕಾಳಿನಲ್ಲಿ ಹುಟ್ಟೋ ಕಿಣ್ವಗಳು ಪಿಷ್ಟವನ್ನ ಸಕ್ಕರೆ ಮಾಡ್ತವೆ, ಯೀಸ್ಟ್ ಆ ಸಕ್ಕರೆಯನ್ನ ಆಲ್ಕೋಹಾಲ್ ಮಾಡುತ್ತೆ. ಕುದಿಸೋದು, ಆರಿಸೋದು, ಮತ್ತೆ ಮೊಳಕೆ ಹಿಟ್ಟು ಸೇರಿಸೋದು, ಹೀಗೆ ಸುಮಾರು ಏಳು ದಿನದ ಕೆಲಸ. ಬಾಟಲಿ ಬಿಯರ್ ಥರ ತಿಳಿಯಾಗಿರಲ್ಲ, ಗಂಜಿ ಥರ ಮಂದವಾಗಿರುತ್ತೆ. ‘ಬೀರ’ ಅನ್ನೋ ರಾತ್ರಿಯಿಡೀ ನಡೆಯೋ ಆರಾಧನೆಯಲ್ಲಿ ‘ಎಂಬೀರ’ ವಾದ್ಯ ನುಡಿಸ್ತಾರೆ. 2020ರಲ್ಲಿ ಯುನೆಸ್ಕೊ ಈ ವಾದ್ಯದ ಕಲೆಯನ್ನ ತನ್ನ ಪರಂಪರೆಯ ಪಟ್ಟಿಗೆ ಸೇರಿಸಿದೆ. ಮಳೆಗಾಗಿ ಮಾಡೋ ಪೂಜೆಗೂ ರಾಗಿಯ ಡೋರೊ ಬೇಕು. ಮೊದಲು ಹಿರಿಯರಿಗೆ ಸುರಿದು, ಆಮೇಲೆ ಸೋರೆಬುರುಡೆಯಲ್ಲಿ ಒಬ್ಬರಿಂದ ಒಬ್ಬರಿಗೆ ದಾಟಿಸ್ತಾರೆ.

ಈಗ ಶೋನಾ ಜನರಲ್ಲಿ ಬಹಳಷ್ಟು ಜನ ಕ್ರೈಸ್ತರು. ಹಲವು ಚರ್ಚುಗಳವರು ಡೋರೊ ಮುಟ್ಟಲ್ಲ, ಈ ಆರಾಧನೆಗೂ ಹೋಗಲ್ಲ. ಅಂಥ ಮನೆಗಳಲ್ಲಿ ಬಂದವರಿಗೆ ಕೊಡೋದು ‘ಮಹೆವು’, ಹುಳಿ ಬರಿಸಿದ ಗಂಜಿ, ಅಮಲಿಲ್ಲದ್ದು. ಅಕ್ಕನ ಮನೆಯಲ್ಲೂ ಮಹೆವೇ. ಆದ್ರೂ ಅಜ್ಜಿಯ ಅಡುಗೆಮನೆಯ ಚಿಕುವಕ್ಕೆ ಯಾರೂ ಬೆನ್ನು ಒರಗಿಸಿ ಕೂರಲ್ಲವಂತೆ.

ಕಣಜದ ಲೆಕ್ಕ

ಶೋನಾದಲ್ಲಿ ಒಂದು ಗಾದೆ ಇದೆ: ‘ಮುಯೆಂಜಿ ಹಾಪೆಡ್ಜಿ ಡೂರ’. ಅತಿಥಿ ಉಂಡರೆ ಕಣಜ ಖಾಲಿ ಆಗಲ್ಲ ಅಂತ. ಡೂರ ಅಂದ್ರೆ ಕಣಜ. ಹೊತ್ತಲ್ಲದ ಹೊತ್ತಲ್ಲಿ ಬಂದವರಿಗೂ ಒಂದು ತಟ್ಟೆ ಇರಲೇಬೇಕು.

ಕೆಲಸದಲ್ಲೂ ಹೀಗೇ. ಕಳೆ ತೆಗೆಯೋಕೋ ಕೊಯ್ಲಿಗೋ ಜನ ಬೇಕಾದಾಗ ಮನೆಯವರು ಡೋರೊ ಮತ್ತು ಅಡುಗೆ ಮಾಡಿ ಊರವರನ್ನ ಕರೀತಾರೆ. ಇದು ‘ನ್ಹಿಂಬೆ’. ಕೂಲಿ ಇಲ್ಲ. ಇವತ್ತು ನನ್ನ ಹೊಲ, ನಾಳೆ ನಿನ್ನ ಹೊಲ. ನಮ್ಮ ಹಳ್ಳಿಗಳ ಮುಯ್ಯಾಳು ಪದ್ಧತಿ ಗೊತ್ತಿದ್ದವರಿಗೆ ವಿವರಿಸಬೇಕಾಗಿಲ್ಲ.

ಇದಕ್ಕಿಂತ ದೊಡ್ಡದು ‘ಜುಂಡೆ ರಾಮಾಂಬೊ’. ಊರಿನ ಮುಖ್ಯಸ್ಥನ ಸುಪರ್ದಿಯಲ್ಲಿ ಒಂದು ಹೊಲ. ಎಲ್ಲರೂ ಸೇರಿ ಬಿತ್ತಿ ಬೆಳೀತಾರೆ. ಧಾನ್ಯ ಮುಖ್ಯಸ್ಥನ ಕಣಜಕ್ಕೆ ಹೋಗುತ್ತೆ, ಆದರೆ ಅವನ ಸ್ವಂತಕ್ಕಲ್ಲ: ತಂದೆತಾಯಿ ಇಲ್ಲದ ಮಕ್ಕಳು, ವಿಧವೆಯರು, ವಯಸ್ಸಾದವರು, ದಾರಿಹೋಕರು, ಮತ್ತು ಬರಗಾಲ, ಇವಕ್ಕಾಗಿ. ವಸಾಹತು ಕಾಲದಲ್ಲಿ ಈ ಪದ್ಧತಿ ಬಹುಮಟ್ಟಿಗೆ ನಿಂತೇಹೋಗಿತ್ತು. ಸ್ವಾತಂತ್ರ್ಯದ ನಂತರ ಬರಗಾಲಗಳು ಬಂದಾಗ ಮತ್ತೆ ಶುರು ಮಾಡಿದ್ರು.

ಇದರ ಬೆಲೆ ಗೊತ್ತಾಗೋದು ಕಷ್ಟ ಬಂದಾಗ. 2008ರ ಸುಮಾರಿಗೆ ಅಲ್ಲಿ ಹಣದುಬ್ಬರ ಎಷ್ಟಿತ್ತಂದ್ರೆ, 2009ರ ಜನವರಿಯಲ್ಲಿ ನೂರು ಟ್ರಿಲಿಯನ್ ಡಾಲರಿನ ನೋಟು ಬಂತು. ಒಂದರ ಮುಂದೆ 14 ಸೊನ್ನೆ. ಅಂಗಡಿಗಳಲ್ಲಿ ಹಿಟ್ಟೇ ಸಿಗ್ತಿರಲಿಲ್ಲ. ಆಗ ಅಕ್ಕ ಐದು ವರ್ಷದ ಮಗು. ಹಳ್ಳಿಯ ಅಜ್ಜಿ ಬಸ್ಸಿನಲ್ಲಿ ಕಳಿಸ್ತಿದ್ದ ಜೋಳ, ರಾಗಿಯೇ ಪೇಟೆಯ ಮೂರು ಮನೆಗಳನ್ನ ಸಾಕಿತ್ತು ಅಂತ ಅವರ ಅಮ್ಮ ಈಗಲೂ ಹೇಳ್ತಾರಂತೆ. ನೋಟಿಗೆ ಬೆಲೆ ಇಲ್ಲದಿದ್ದಾಗ ನೆಂಟಸ್ತನಕ್ಕೆ ಬೆಲೆ ಇತ್ತು.

ಮೆಕ್ಕೆಜೋಳ ಬಂದು ರಾಗಿ ಹಿಂದೆ ಸರಿದಿದ್ದು

ಇವತ್ತು ಸಾಡ್ಜಾ ಅಂದ್ರೆ ಬಿಳಿ ಮೆಕ್ಕೆಜೋಳ ಅನ್ನೋ ಹಾಗಾಗಿದೆ. ಆದರೆ ಮೆಕ್ಕೆಜೋಳ ಅಮೆರಿಕ ಖಂಡದ ಬೆಳೆ. ಪೋರ್ಚುಗೀಸರ ಕಾಲದಲ್ಲಿ ಆಫ್ರಿಕಾಕ್ಕೆ ಬಂತು. ಟೊಮ್ಯಾಟೊ, ಕಡಲೆಕಾಯಿ ಕೂಡ ಅಲ್ಲಿಂದಲೇ. ಜಿಂಬಾಬ್ವೆಯಲ್ಲಿ ಮೆಕ್ಕೆಜೋಳ ರಾಜ ಆಗಿದ್ದು 20ನೇ ಶತಮಾನದಲ್ಲಿ. ಗಣಿ ಕೆಲಸಗಾರರಿಗೆ ರೇಷನ್ ಆಗಿ ಅದರ ಹಿಟ್ಟನ್ನೇ ಕೊಡ್ತಿದ್ರು. ಮಿಲ್ಲುಗಳು ಬಂದ್ವು. 1960ರಲ್ಲಿ ಎಸ್‌ಆರ್-52 ಅನ್ನೋ ಹೈಬ್ರಿಡ್ ತಳಿ ಬಂತು, ಇಳುವರಿ ತುಂಬಾ ಜಾಸ್ತಿ. ಮೆಕ್ಕೆಜೋಳದ ತೆನೆಗೆ ಸಿಪ್ಪೆಯ ಮುಸುಕಿರೋದರಿಂದ ಹಕ್ಕಿ ಕಾಟ ಕಮ್ಮಿ. ರಾಗಿ, ಜೋಳ, ಸಜ್ಜೆಗೆ ಹಕ್ಕಿ ಕಾಯಬೇಕು, ಬಡಿಯಬೇಕು, ತೂರಬೇಕು. ಜನ ಮೆಕ್ಕೆಜೋಳದ ಕಡೆ ಹೋಗಿದ್ದು ಸಹಜ.

ಆದರೆ ಮೆಕ್ಕೆಜೋಳ ಹೂ ಬಿಡೋ ಸಮಯದಲ್ಲಿ ಮಳೆ ಕೈಕೊಟ್ರೆ ಬೆಳೆ ಹೋಯ್ತು. 2023–24ರಲ್ಲಿ ಎಲ್ ನಿನೊದಿಂದ ಹಾಗೇ ಆಯ್ತು, 2024ರ ಏಪ್ರಿಲ್‌ನಲ್ಲಿ ಅಲ್ಲಿನ ಸರ್ಕಾರ ಬರವನ್ನ ರಾಷ್ಟ್ರೀಯ ವಿಪತ್ತು ಅಂತ ಘೋಷಿಸಿತು. ಈಗ ಒಣ ಪ್ರದೇಶಗಳಲ್ಲಿ ಸಣ್ಣ ಧಾನ್ಯ ಬೆಳೀರಿ ಅಂತ ಸರ್ಕಾರವೇ ಹೇಳ್ತಿದೆ. ಮೆಕ್ಕೆಜೋಳ ಒಣಗಿದ ವರ್ಷವೂ ಅಕ್ಕನ ಅಜ್ಜಿಯ ಹೊಲದಲ್ಲಿ ಸ್ವಲ್ಪ ಜ್ವಿಯೊ ಬಂತಂತೆ.

ಇಲ್ಲಿ ನಮಗೂ ಒಂದು ನಿಜವಾದ ನಂಟಿದೆ. ರಾಗಿ ಹುಟ್ಟಿದ್ದು ಪೂರ್ವ ಆಫ್ರಿಕಾದಲ್ಲಿ, ಇಥಿಯೋಪಿಯಾ, ಉಗಾಂಡದ ಎತ್ತರದ ಪ್ರದೇಶಗಳಲ್ಲಿ. ಅಲ್ಲಿಂದ ದಕ್ಷಿಣಕ್ಕೆ ಜಿಂಬಾಬ್ವೆಗೂ ಹೋಯ್ತು, ಸಮುದ್ರ ದಾಟಿ ನಮ್ಮಲ್ಲಿಗೂ ಬಂತು. 16ನೇ ಶತಮಾನದಲ್ಲಿ ಕನಕದಾಸರು ‘ರಾಮಧಾನ್ಯ ಚರಿತೆ’ಯಲ್ಲಿ ಅಕ್ಕಿ ಮತ್ತು ರಾಗಿಗೆ ಜಗಳ ಹಚ್ಚಿ ರಾಗಿಯನ್ನೇ ಗೆಲ್ಲಿಸೋ ಹೊತ್ತಿಗೆ ಅದು ಪೂರ್ತಿ ನಮ್ಮದೇ ಆಗಿಬಿಟ್ಟಿತ್ತು. ಇನ್ನೂ ಕುತೂಹಲದ ವಿಷಯ: ಮಂಡ್ಯದ ವಿ.ಸಿ. ಫಾರ್ಮ್‌ನಲ್ಲಿ ‘ರಾಗಿ ಬ್ರಹ್ಮ’ ಅಂತ ಹೆಸರಾದ ಲಕ್ಷ್ಮಣಯ್ಯನವರು ಭಾರತದ ರಾಗಿ ಮತ್ತು ಆಫ್ರಿಕಾದ ರಾಗಿಯನ್ನ ಅಡ್ಡಹಾಯಿಸಿ ಹೊಸ ತಳಿಗಳನ್ನ ತಂದ್ರು. ಅವುಗಳ ಹೆಸರು ‘ಇಂಡಾಫ್’. ಇಂಡಿಯಾದ ‘ಇಂಡ್’, ಆಫ್ರಿಕಾದ ‘ಆಫ್’. ನಮ್ಮ ಊರುಗಳಲ್ಲಿ ರಾಗಿ ಇಳುವರಿ ಏರಿದ್ದರಲ್ಲಿ ಈ ತಳಿಗಳ ಪಾಲು ದೊಡ್ಡದು. ಅಂದ್ರೆ ನಾವು ಉಣ್ಣೋ ಮುದ್ದೆಯಲ್ಲಿ ಆಫ್ರಿಕಾ ಒಂದು ಸಲವಲ್ಲ, ಎರಡು ಸಲ ಸೇರಿದೆ. ಇದನ್ನ ಹೇಳಿದಾಗ ಅಕ್ಕ ಪ್ಯಾಕೆಟ್ ಕೈಗೆ ತಗೊಂಡು ಹಿಂದೆ ಮುಂದೆ ತಿರುಗಿಸಿ ನೋಡಿದ್ರು.

ಮೂರನೇ ಭಾನುವಾರ

ಮೂರನೇ ಭಾನುವಾರ ಊಟ ಆದ ಮೇಲೆ ಅಕ್ಕ ಒಂದು ಗಾದೆ ಬರೆದುಕೊಟ್ರು: ‘ಉಕಾಮ ಇಗಸ್ವ, ಹುನೊಜಡ್ಜಿಸ್ವ ನೆಕುಡ್ಯ’. ನೆಂಟಸ್ತನ ಅನ್ನೋದು ಅರ್ಧ ತುಂಬಿದ ಪಾತ್ರೆ, ಅದು ತುಂಬೋದು ಜೊತೆಯಲ್ಲಿ ಉಂಡಾಗ.

ಆಗ ನಮಗೆ ಮೊದಲ ರಾತ್ರಿಯ ಮಾತು ಹೊಳೀತು. ‘ಮೊದಲು ಕೂತ್ಕೊಂಡು ಊಟ ಮಾಡಿ’ ಅಂದಿದ್ದು ಪ್ರಶ್ನೆ ತಪ್ಪಿಸಿಕೊಳ್ಳೋಕಲ್ಲ. ಜೊತೆಯಲ್ಲಿ ಉಣ್ಣದವರು ಕೇಳಿದ ‘ಹುಳ ತಿಂತೀರಾ’ ಒಂದು ಥರ, ಉಂಡವರು ಕೇಳಿದ್ದು ಇನ್ನೊಂದು ಥರ. ಬೋಗುಣಿ ಹಿಡಿಯೋದು, ಚಪ್ಪಾಳೆ, ಕುಲದ ಹೆಸರು, ಚಿಕುವ, ಮುಖ್ಯಸ್ಥನ ಕಣಜ, ಈ ಎಲ್ಲದರಲ್ಲೂ ಸಾಡ್ಜಾಗಿಂತ ಮುಖ್ಯ ಆಗಿರೋದು ಯಾರು ಯಾರಿಗೆ ಏನಾಗಬೇಕು ಅನ್ನೋದು.

“ಇಲ್ಲಿ ಯಾರಾದ್ರೂ ನಿಮ್ಮನ್ನ ಮನೆಗೆ ಊಟಕ್ಕೆ ಕರೆದಿದ್ದಾರಾ?” ಅಂತ ಕೇಳಿದ್ವಿ. ಅಕ್ಕ ಸ್ವಲ್ಪ ಯೋಚನೆ ಮಾಡಿ, ಕ್ಲಾಸ್‌ಮೇಟ್ಸ್ ಜೊತೆ ಹೋಟೆಲ್‌ಗೆ ಹೋಗಿದ್ದೀನಿ ಅಂದ್ರು. ನಾಲ್ಕು ವರ್ಷ ಆಗ್ತಾ ಬಂತು. ಮನೆಗೆ ಹೋದ ಹತ್ತು ಜನರ ಲಗೇಜ್‌ನಲ್ಲಿ ಚಕ್ಕುಲಿ, ಕೋಡುಬಳೆ ಬರೋದನ್ನ ಅವರು ಪ್ರತಿ ಹಬ್ಬಕ್ಕೂ ಕಾರಿಡಾರ್‌ನಲ್ಲಿ ನೋಡ್ತಿದ್ರು. ನಮ್ಮ ಡಬ್ಬಿಗಳೂ ಅದರಲ್ಲಿದ್ವು.

ಪರೀಕ್ಷೆ ಮುಗಿದ ಮೇಲೆ ಅವರು ಊರಿಗೆ ಹೊರಡ್ತಾರೆ. ಅದಕ್ಕೆ ಮುಂಚೆ ತುಮಕೂರಿನವಳ ಮನೆಗೆ ನಾವು ನಾಲ್ಕೂ ಜನ ಹೋಗ್ತಿದ್ದೀವಿ. ಫೋನ್‌ನಲ್ಲಿ ಹೇಳಿದ ತಕ್ಷಣ ಅವಳ ಅಮ್ಮನಿಗೆ ಗಾಬರಿ. “ಅಯ್ಯೋ, ಅಷ್ಟು ದೂರದವರು, ನಮ್ಮ ಊಟ ಸೇರುತ್ತೇನೇ? ಏನು ಮಾಡ್ಲಿ ಅವರಿಗೆ?”

“ಮುದ್ದೆ ಮಾಡಮ್ಮ. ಸೊಪ್ಪಿನ ಸಾರು. ಕೋಳಿ ಮಾಡಿದ್ರೆ ಅದರ ಹೃದಯ ಮಾತ್ರ ಅವರ ತಟ್ಟೆಗೆ ಹಾಕಬೇಡ.”

“ಯಾಕೆ?”

“ಬಂದ ಮೇಲೆ ಹೇಳ್ತೀವಿ. ಮೊದಲು ಎಲ್ಲರೂ ಕೂತು ಊಟ ಮಾಡೋಣ.”